ಕೊನೆಯ ಸಂಚಿಕೆಯ ಪ್ರೂಫು

೧೯೭೭ರಲ್ಲಿ ನಾನು ಶಾಲೆ ಬಿಟ್ಟೆ. ಎಂಟನೇ ಕ್ಲಾಸು, ಅರ್ಧವಾರ್ಷಿಕ ಪರೀಕ್ಷೆ ಮುಗಿದಿತ್ತು. ಯಾರೋ ಬಿಡಿಸಿದರು ಅಂತ ನಾನು ಯಾರ ಮೇಲೂ ಹಾಕುವುದಿಲ್ಲ. ಅಪ್ಪ ಕಲಾಸಿಪಾಳ್ಯದಲ್ಲಿ ತರಕಾರಿ ಮೂಟೆ ಹೊರುತ್ತಿದ್ದ. ಅವನ ಬೆನ್ನು ಹಿಡಿದುಕೊಂಡ ಮೇಲೆ ಮನೆಯಲ್ಲಿ ದುಡಿಯುವವರು ಇನ್ನೊಬ್ಬರು ಬೇಕಾಯಿತು. ನಾನಿದ್ದೆ, ಹೋದೆ. ಕಾಟನ್‌ಪೇಟೆಯ ಒಂದು ಪ್ರೆಸ್ಸಿನಲ್ಲಿ ಕಾಗದ ಮಡಿಸುವ ಕೆಲಸ. ಮೊದಲನೇ ದಿನ ಮಾಲೀಕರು, "ಓದೋಕೆ ಬರುತ್ತೇನೋ?" ಅಂದರು. "ಬರುತ್ತೆ ಸ್ವಾಮಿ" ಅಂದೆ. ಗೋಡೆಯ ಮೇಲಿದ್ದ ಕ್ಯಾಲೆಂಡರು ತೋರಿಸಿ ಓದು ಅಂದರು. ರಾಹುಕಾಲ, ಗುಳಿಕಕಾಲ, ಏಕಾದಶಿ, ಸಂಕಷ್ಟಿ ಎಲ್ಲ ಸೇರಿಸಿ ಇಡೀ ತಿಂಗಳನ್ನು ಗಟ್ಟಿಯಾಗಿ ಓದಿಬಿಟ್ಟೆ. "ಸಾಕು ನಿಲ್ಸಪ್ಪ, ಇದಕ್ಕಿಂತ ಟ್ರೆಡಲ್ ಸದ್ದೇ ವಾಸಿ" ಅಂತ ಒಳಗೆ ಆ ಅಚ್ಚಿನ ಮಿಷಿನ್ ತುಳಿಯುತ್ತಿದ್ದವನು ಕೂಗಿದ.

ಮಾಲೀಕರಿಗೆ ಮಾತ್ರ ಆ ದನಿ ಹಿಡಿಸಿತು. ಒಂದೇ ವರ್ಷದಲ್ಲಿ ನನ್ನನ್ನು ಪ್ರೂಫ್ ಓದುವುದಕ್ಕೆ ಕೂರಿಸಿದರು.

ಪ್ರೂಫ್ ಓದುವುದು ಅಂದರೆ ಏನು ಅಂತ ಈಗಿನವರಿಗೆ ಬಿಡಿಸಿ ಹೇಳಬೇಕು. ಅದು ಇಬ್ಬರ ಕೆಲಸ. ಬರೆದವರು ಕಳಿಸಿದ ಕೈಬರಹ ಒಬ್ಬರ ಕೈಯಲ್ಲಿ. ಅದನ್ನು ನೋಡಿ ಅಕ್ಷರ ಜೋಡಿಸಿ ತೆಗೆದ ಪುಟ, ಅಂದರೆ ಪ್ರೂಫು, ಇನ್ನೊಬ್ಬರ ಕೈಯಲ್ಲಿ. ಕೈಬರಹ ಹಿಡಿದವನು ಗಟ್ಟಿಯಾಗಿ ಓದುತ್ತಾನೆ. ಕಾಮಾ ಬಂದರೆ "ಕಾಮಾ" ಅನ್ನಬೇಕು, ವಾಕ್ಯ ಮುಗಿದರೆ "ಫುಲ್‌ಸ್ಟಾಪ್" ಅನ್ನಬೇಕು. ಪ್ರೂಫು ಹಿಡಿದವರು ಕೆಂಪು ಪೆನ್ನಿನಲ್ಲಿ ತಿದ್ದುತ್ತಾ ಹಿಂದೆಯೇ ಬರುತ್ತಾರೆ. ಕಿವಿಗೆ ಬಿದ್ದದ್ದು ಪುಟದಲ್ಲಿ ಇಲ್ಲದಿದ್ದರೆ ಕೈ ಎತ್ತಿ ನಿಲ್ಲಿಸುತ್ತಾರೆ. ಬರೀ ಕಣ್ಣಿನಿಂದ ನೋಡುವವರಿಗೆ ತಪ್ಪಕ್ಷರ ಸಿಗುತ್ತದೆ, ಬಿಟ್ಟುಹೋದ ಸಾಲು ಸಿಗುವುದಿಲ್ಲ. ಪುಟದಲ್ಲಿ ಇಲ್ಲದ್ದು ಕಣ್ಣಿಗೆ ಹೇಗೆ ಕಂಡೀತು? ಅದನ್ನು ಕಿವಿಯೇ ಹಿಡಿಯಬೇಕು.

ಹೀಗೆ ಓದುತ್ತಾ ಓದುತ್ತಾ ನಾನು ಕಥೆ, ಕಾದಂಬರಿ, ವ್ರತಕಥೆ, ಸಹಕಾರ ಸಂಘದ ವರದಿ, ಮೂಲವ್ಯಾಧಿಗೆ ಮನೆಮದ್ದು, ಎಲ್ಲವನ್ನೂ ಓದಿದೆ. ಹತ್ತು ವರ್ಷ ದುಡಿದು ಚಾಮರಾಜಪೇಟೆಯಲ್ಲಿ ನನ್ನದೇ ಒಂದು ಸಣ್ಣ ಪ್ರೆಸ್ ಇಟ್ಟೆ. ಯಾರ ಮನೆ ಬಾಗಿಲಲ್ಲೂ ನಿಲ್ಲಲಿಲ್ಲ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ.

ಮದುವೆ ಮಾತುಕತೆಯಲ್ಲಿ ನಮ್ಮ ಕಡೆಯವರು "ಹುಡುಗ ಸ್ವಂತ ಪ್ರೆಸ್ ಇಟ್ಟಿದಾನೆ" ಅಂದರೇ ಹೊರತು ಓದಿನ ಮಾತೆತ್ತಲಿಲ್ಲ. ಹುಡುಗಿ ಗವಿಪುರದವಳು, ಪಿಯುಸಿ ಪಾಸು. ಮದುವೆಯಾಗಿ ಒಂದು ವಾರಕ್ಕೆ ನಾನೇ ಹೇಳಿದೆ, "ನಂದು ಎಂಟನೇ ಕ್ಲಾಸು" ಅಂತ.

"ಗೊತ್ತು" ಅಂದಳು.

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಇಂಗ್ಲಿಷ್ ಬೋರ್ಡ್ ಬಂದ ಕಡೆಯೆಲ್ಲ ನೀವು ಆಕಾಶ ನೋಡ್ತೀರಲ್ಲ."

ಮಗಳು ಹುಟ್ಟಿದ ವರ್ಷ ಮಾಸಪತ್ರಿಕೆ ಶುರು ಮಾಡಿದೆ. ಮನೆಮಂದಿಯೆಲ್ಲ ಓದುವಂಥದ್ದು: ಎರಡು ಕಥೆ, ಒಂದು ಧಾರಾವಾಹಿ, ಅಡುಗೆ, ಹಬ್ಬ, ಓದುಗರ ಪತ್ರ. ಪ್ರೂಫ್ ನೋಡುವುದಕ್ಕೆ ಸಂಬಳ ಕೊಟ್ಟು ಜನ ಇಡುವ ಶಕ್ತಿ ಆಗ ಇರಲಿಲ್ಲ. "ನಾನು ನೋಡ್ತೀನಿ ಬಿಡಿ" ಅಂದಳು ನನ್ನ ಹೆಂಡತಿ. ಆಮೇಲೆ ಶಕ್ತಿ ಬಂತು, ಆದರೂ ಅವಳೇ ನೋಡಿದಳು.

ಕೆಳಗೆ ಪ್ರೆಸ್ಸು, ಮೇಲೆ ಮನೆ. ಪ್ರತಿ ತಿಂಗಳ ಮೂರನೇ ವಾರ ಮಧ್ಯಾಹ್ನದ ಊಟ ಮುಗಿಸಿ ಮುಂದಿನ ರೂಮಿನ ಕಿಟಕಿ ಹತ್ತಿರ ಎದುರುಬದುರು ಕೂರುತ್ತಿದ್ದೆವು. ಮಿಷಿನ್ ಓಡುವ ಸದ್ದಿಗೆ ನೆಲ ನಡುಗುತ್ತಿತ್ತು, ನಾನು ಅದನ್ನು ಮೀರಿಸಿ ಓದಬೇಕಿತ್ತು. ರಸ್ತೆಯಲ್ಲಿ ಹೋಗುವವರು ತಲೆ ಎತ್ತಿ ನೋಡುತ್ತಿದ್ದರು. ಹೂವಿನವಳು ಒಂದು ಸಲ ಕೆಳಗಿನಿಂದಲೇ ಕೇಳಿದಳು, "ಅಣ್ಣಾ, ಆ ಸೊಸೆ ಕೊನೆಗೆ ವಾಪಸ್ ಬಂದ್ಲಾ?" ಧಾರಾವಾಹಿಯ ಸೊಸೆ. ಹೂವಿನವಳಿಗೆ ಓದು ಬರುತ್ತಿರಲಿಲ್ಲ, ನಮ್ಮ ಕಿಟಕಿ ಕೆಳಗೆ ಬುಟ್ಟಿ ಇಳಿಸಿ ಪ್ರತಿ ಕಂತನ್ನೂ ಅಚ್ಚಾಗುವ ಮೊದಲೇ ಕೇಳಿಸಿಕೊಂಡು ಹೋಗುತ್ತಿದ್ದಳಂತೆ.

ಹೆಂಡತಿ ಎಡಗೈ ಎತ್ತಿ "ತಡೀರಿ" ಅನ್ನುತ್ತಿದ್ದಳು. ದಿನಕ್ಕೆ ಎಷ್ಟು ಸಲವೋ. "ತಡೀರಿ, ಒಂದು ಸಾಲು ಹಾರಿದೆ." "ತಡೀರಿ, ಮೆಣಸಿನಕಾಯಿ ಕಾಲು ಕೇಜಿ ಅಂತಿದೆ, ತಿಂದೋರು ಉಳೀತಾರಾ?" ಜಗಳವಾಡಿ ಮಾತು ಬಿಟ್ಟಿದ್ದರೂ ಪ್ರೂಫು ನಿಲ್ಲುವಂತಿರಲಿಲ್ಲ. ಮುಖ ಊದಿಸಿಕೊಂಡು ಕೂರುತ್ತಿದ್ದೆವು. ನಾನು ಓದಬೇಕು, ಅವಳು ತಡೀರಿ ಅನ್ನಬೇಕು. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಯಾವುದಾದರೂ ಪೆದ್ದು ತಪ್ಪು ಸಿಕ್ಕಿ ಇಬ್ಬರಿಗೂ ನಗು ಬರುತ್ತಿತ್ತು. ನಾವು ಒಟ್ಟಿಗೆ ಸಿನಿಮಾ ನೋಡಿದ್ದು ಕಡಿಮೆ, ಊರು ಸುತ್ತಿದ್ದು ಇನ್ನೂ ಕಡಿಮೆ. ಪ್ರೆಸ್ ಬಿಟ್ಟು ಹೋಗುವ ಹಾಗಿರಲಿಲ್ಲ. ಗಂಡ ಹೆಂಡತಿ ಅಂತ ನೆಮ್ಮದಿಯಾಗಿ ಕೂತದ್ದು ಆ ಕಿಟಕಿ ಹತ್ತಿರವೇ.

ಹೊರಗೆ ನನಗೆ ಮರ್ಯಾದೆ ಬಂತು. ಬಸವನಗುಡಿಯ ಸಭೆಗಳಲ್ಲಿ ವೇದಿಕೆ ಮೇಲೆ ಕೂರಿಸಿದರು, ಶಾಲು ಹೊದಿಸಿದರು. "ತಾವು ಓದಿದ್ದು ಎಲ್ಲಿ ಸಾರ್?" ಅಂತ ಕೇಳಿದರೆ "ಕಾಟನ್‌ಪೇಟೆಯಲ್ಲಿ" ಅಂದು ಮಾತು ಬೇರೆ ಕಡೆ ತಿರುಗಿಸುತ್ತಿದ್ದೆ. ಸುಳ್ಳು ಹೇಳಲಿಲ್ಲ. ಪೂರ್ತಿಯೂ ಹೇಳಲಿಲ್ಲ.

ಮಿಷಿನ್ನುಗಳು ಬದಲಾದವು. ಅಚ್ಚಿನ ಮೊಳೆ ಹೋಗಿ ಕಂಪ್ಯೂಟರ್ ಬಂತು, ಅದರಲ್ಲಿ ಟೈಪ್ ಮಾಡಿ ಪುಟ ಜೋಡಿಸುವ ಡಿಟಿಪಿಯವರೊಬ್ಬರು ಬಂದರು. ಎದುರುಬದುರು ಕೂರುವುದು ಮಾತ್ರ ನಿಲ್ಲಲಿಲ್ಲ. ಈಚಿನ ವರ್ಷಗಳಲ್ಲಿ ಅವಳ "ತಡೀರಿ" ಕಡಿಮೆಯಾಗಿತ್ತು. ಕಂಪ್ಯೂಟರ್ ಕೆಲಸ, ತಪ್ಪು ಕಡಿಮೆ ಅಂದುಕೊಂಡೆ. ಕುರ್ಚಿಯನ್ನು ಹತ್ತಿರ ಹತ್ತಿರ ಎಳೆದುಕೊಂಡು ನನ್ನ ಮುಖವನ್ನೇ ನೋಡುತ್ತಾ ಕೂರುತ್ತಿದ್ದಳು. ವಯಸ್ಸಾದ ಮೇಲೆ ಇವಳಿಗೆ ನನ್ನ ಮೇಲೆ ಪ್ರೀತಿ ಜಾಸ್ತಿಯಾಯಿತೇನೋ ಅಂತ ಒಳಗೊಳಗೆ ಬೀಗಿದ್ದೂ ಉಂಟು. ನಡುನಡುವೆ ಓದುಗರ ಪತ್ರ ಬರುತ್ತಿತ್ತು: ಧಾರಾವಾಹಿಯಲ್ಲಿ ಒಂದು ಕಡೆ ಕೊಂಡಿ ತಪ್ಪಿದೆ, ಅಡುಗೆಯಲ್ಲಿ ಒಲೆ ಆರಿಸುವ ಮಾತೇ ಇಲ್ಲ ಅಂತ. ನಾನು ಡಿಟಿಪಿಯವರ ಮೇಲೆ ರೇಗುತ್ತಿದ್ದೆ. "ಸಾರ್, ಮನುಷ್ಯ ಅಲ್ವಾ ಸಾರ್" ಅನ್ನುತ್ತಿದ್ದರು ಅವರು.

ಮಗಳು ಮಲ್ಲೇಶ್ವರದಲ್ಲಿದ್ದಾಳೆ. ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡಿ ಬಿಟ್ಟು, ನಮ್ಮ ಪತ್ರಿಕೆಯನ್ನೇ ನೋಡಿಕೊಳ್ಳುತ್ತೇನೆ ಅಂತ ಬಂದಳು. ಒಂದು ಭಾನುವಾರ ಬೆಳಿಗ್ಗೆ ಮೆಟ್ರೋ ಹತ್ತಿ ಬಂದು ತಿಂಡಿ ತಿನ್ನುತ್ತಾ ಮಾತು ತೆಗೆದಳು.

"ಅಪ್ಪಾ, ಸರ್ಕಲ್ ಹತ್ರ ಇರೋ ಪೇಪರ್ ಅಂಗಡಿಗೆ ಈಚೆಗೆ ಹೋಗಿದೀಯಾ?"

"ಹೋಗಿದೀನಿ. ನಮ್ದು ಇಟ್ಟಿದಾನೆ."

"ಎಲ್ಲಿ ಇಟ್ಟಿದಾನೆ? ಮುಂದೆ ಚಿಪ್ಸ್ ಪ್ಯಾಕೆಟ್ ನೇತಾಡ್ತಿದೆ. ನಮ್ದು ಅದರ ಹಿಂದೆ ಇದೆ."

"ಹಾಗಾದ್ರೆ ಚಿಪ್ಸ್ ಅಚ್ಚು ಹಾಕ್ಲಾ?"

"ಕೋಪ ಮಾಡ್ಕೋಬೇಡಪ್ಪ. ಓದೋರು ಸತ್ತಿಲ್ಲ. ಫೋನಲ್ಲಿದಾರೆ. ನಾವೂ ಅಲ್ಲಿಗೆ ಹೋಗೋಣ. ಯುಗಾದಿಯಿಂದ ಪೂರ್ತಿ ನೆಟ್ಟಲ್ಲೇ. ದಿನಾ ಹೊಸದು ಹಾಕ್ಬಹುದು."

ನಾನು ಆರು ತಿಂಗಳು ತಡೆದೆ. ಕಾಗದದ ಬೆಲೆ ತಡೆಯಲಿಲ್ಲ. ಅಂಚೆಯಲ್ಲಿ ಹೋದ ಪ್ರತಿ ತಲುಪಲಿಲ್ಲ ಅನ್ನುವ ಫೋನುಗಳೂ ನಿಲ್ಲಲಿಲ್ಲ. ಮಗಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕೊನೆಗೆ "ಆಯ್ತು" ಅಂದೆ. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ನಮ್ಮಿಬ್ಬರ ಮುಖ ನೋಡಿ, "ಏನಂತೆ?" ಅಂದಳು. ಮಗಳು ಹತ್ತಿರ ಹೋಗಿ ಹೇಳಿದಳು.

"ಮತ್ತೆ ಪ್ರೂಫು?"

"ಪ್ರೂಫ್ ಎಲ್ಲ ಇಲ್ಲಮ್ಮ. ಹಾಕಿದ್ಮೇಲೂ ತಿದ್ಬಹುದು. ಯಾವಾಗ್ ಬೇಕಾದ್ರೂ."

ಹೆಂಡತಿ ನನ್ನನ್ನು ನೋಡಿದಳು. "ಹಾಗಾದ್ರೆ ಇನ್ಮೇಲೆ ನಾವು ಕೂರೋ ಹಾಗಿಲ್ಲ" ಅಂದಳು. ನಾನು ಆಗ ನನ್ನ ದುಃಖದಲ್ಲೇ ಮುಳುಗಿದ್ದೆ. ಕಟ್ಟಿದ್ದು ನಾನು, ಹೋಗುತ್ತಿರುವುದು ನನ್ನದು ಅಂತ.

ಕೊನೆಯ ಸಂಚಿಕೆಗೆ ಓದುಗರಿಗೆ ಎರಡು ಪುಟದ ಮಾತು ನಾನೇ ಬರೆದೆ. ಬೇರೆಯವರು ಬರೆದದ್ದನ್ನು ಜೀವಮಾನವೆಲ್ಲ ಓದಿದವನು, ಸ್ವಂತ ಬರೆಯುವುದಕ್ಕೆ ಕೂತಾಗ ಬೆವರಿದೆ. ಏಜೆಂಟರಿಗೆ, ಅಂಚೆಯವರಿಗೆ, ಲೇಖಕರಿಗೆ ನಮಸ್ಕಾರ ಹೇಳಿದ ಮೇಲೆ ಒಂದು ಪ್ಯಾರಾ ಬರೆದೆ. ಬರೆದು ಹೊಡೆದುಹಾಕಿ, ಮತ್ತೆ ಬರೆದೆ. ಅದರಲ್ಲಿ ಹೀಗಿತ್ತು: "ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಇದನ್ನು ಇದುವರೆಗೆ ಹೊರಗೆ ಹೇಳಿದವನಲ್ಲ. ಈ ಪತ್ರಿಕೆಯಲ್ಲಿ ನೀವು ಓದಿದ ಒಂದೊಂದು ಪುಟವನ್ನೂ ಮೊದಲು ಓದಿ ತಿದ್ದಿದವಳು ನನ್ನ ಹೆಂಡತಿ. ಪತ್ರಿಕೆಯನ್ನು ಮಾತ್ರ ತಿದ್ದಿದಳು ಅಂದುಕೊಳ್ಳಬೇಡಿ."

ಇಷ್ಟೇ. ಇಷ್ಟನ್ನು ಹೇಳುವುದಕ್ಕೆ ನನಗೆ ಅಷ್ಟು ವರ್ಷ ಬೇಕಾಯಿತು. ಮನೆಯಲ್ಲಿ ಬಾಯಿಬಿಟ್ಟು ಹೇಳುವ ಜಾತಿ ಅಲ್ಲ ನಾನು. ಪ್ರೂಫಿನಲ್ಲಿ ಓದುತ್ತೇನಲ್ಲ, ಆಗ ಅವಳ ಕಿವಿಗೆ ಬೀಳುತ್ತದೆ, ಅದೇ ಸರಿ ಅಂದುಕೊಂಡೆ.

ಆ ಮಧ್ಯಾಹ್ನ ಎಂದಿನ ಹಾಗೆ ಕೂತೆವು. ಕೆಳಗೆ ಮಿಷಿನ್ ನಿಂತಿತ್ತು, ನನ್ನ ದನಿ ನನಗೇ ದೊಡ್ಡದಾಗಿ ಕೇಳುತ್ತಿತ್ತು. ಆ ಪ್ಯಾರಾ ಬಂತು. ತಲೆ ಎತ್ತಲಾರದೆ, ಹಾಳೆಯನ್ನೇ ನೋಡುತ್ತಾ ಓದಿದೆ. "ನನ್ನ ಹೆಂಡತಿ ಫುಲ್‌ಸ್ಟಾಪ್" ಅಂದೆ. "ಅಂದುಕೊಳ್ಳಬೇಡಿ ಫುಲ್‌ಸ್ಟಾಪ್" ಅಂದೆ. ಆಮೇಲೆ ಕಣ್ಣೆತ್ತಿದೆ. ಅವಳು ಪ್ರೂಫಿನ ಮೇಲೆ ಬಗ್ಗಿದ್ದಳು. ಕೆಂಪು ಪೆನ್ನಿನಿಂದ ಅಂಚಿನಲ್ಲಿ ಒಂದು ಸರಿ ಗುರುತು ಹಾಕಿ, "ಹ್ಞೂಂ, ಮುಂದಕ್ಕೆ" ಅಂದಳು.

ಮುಂದಕ್ಕೆ ಓದಿದೆ. ಏನು ಓದಿದೆನೋ ಗೊತ್ತಿಲ್ಲ. ಮುಗಿದ ಮೇಲೆ ಅವಳು ಕೊನೆಯಲ್ಲಿ ಸಹಿ ಹಾಕಿ, ಕಾಫಿ ಮಾಡಲು ಎದ್ದು ಹೋದಳು. ನಾನು ಅಲ್ಲೇ ಕೂತೆ. ಇವಳಿಗೆ ಅದೇನೂ ಅಲ್ಲವೇ? ಇಷ್ಟು ತಡವಾಗಿ ಹೇಳಿದ್ದಕ್ಕೆ ಸಿಟ್ಟೇ? ಕೇಳಬಹುದಿತ್ತು. ಕೇಳಲಿಲ್ಲ. ಕೊಟ್ಟ ಮೇಲೆ ತಗೊಂಡೆಯಾ ಅಂತ ಕೇಳುವುದು ನನ್ನ ಸ್ವಭಾವವಲ್ಲ.

ಸಂಚಿಕೆ ಅಚ್ಚಾಗಿ, ಪಿನ್ ಹೊಡೆದು ಬಂತು. ಮೊದಲ ಪ್ರತಿಗೆ ಪ್ರತಿ ಸಲದಂತೆ ಅರಿಶಿನ ಕುಂಕುಮ ಇಟ್ಟೆ. ತೆರೆದು ನನ್ನ ಎರಡು ಪುಟ ನೋಡಿದೆ. ಆ ಪ್ಯಾರಾ ಇರಲಿಲ್ಲ. ಲೇಖಕರಿಗೆ ನಮಸ್ಕಾರ ಮುಗಿದು, ನೇರವಾಗಿ ಹೊಸ ವೆಬ್‌ಸೈಟಿನ ಮಾತು ಬಂದಿತ್ತು.

ನನಗೆ ಮೊದಲು ಹೊಳೆದದ್ದು, ಅವಳೇ ಹೊಡೆದುಹಾಕಿದ್ದಾಳೆ ಅಂತ. ನನ್ನ ಎದುರಿಗೆ ಸರಿ ಅಂದು, ಆಮೇಲೆ ಡಿಟಿಪಿಯವರಿಗೆ ಹೇಳಿ ತೆಗೆಸಿದ್ದಾಳೆ. ಮೈಯೆಲ್ಲ ಉರಿಯಿತು. ಡಿಟಿಪಿಯವರಿಗೆ ಫೋನ್ ಮಾಡಿದೆ.

"ಅಮ್ಮ ಏನಾದ್ರೂ ತೆಗೆಸಿದ್ರಾ?"

"ಇಲ್ಲ ಸಾರ್, ಯಾಕೆ? ಇರಿ ಸಾರ್, ನೋಡ್ತೀನಿ." ಸ್ವಲ್ಪ ಹೊತ್ತು ಬಿಟ್ಟು ಅವರೇ ಮಾಡಿದರು. ದನಿ ಇಳಿದಿತ್ತು. "ತಪ್ಪಾಗಿದೆ ಸಾರ್. ಟೈಪ್ ಮಾಡೋವಾಗ್ಲೇ ಒಂದು ಪ್ಯಾರಾ ಬಿಟ್ಟುಹೋಗಿದೆ. ಪ್ರೂಫಲ್ಲೇ ಇರ್ಲಿಲ್ಲ. ಆದ್ರೆ ಅಮ್ಮ ನೋಡಿ ಸಹಿ ಹಾಕಿದಾರಲ್ಲ ಸಾರ್, ಅದಕ್ಕೆ ನಾನೂ..."

ಫೋನ್ ಇಟ್ಟೆ. ಪ್ರೂಫಿನಲ್ಲೇ ಇರಲಿಲ್ಲ. ನಾನು ಓದಿದ್ದೆ, ಗಟ್ಟಿಯಾಗಿ ಓದಿದ್ದೆ. ಇಲ್ಲದ್ದನ್ನು ಓದಿದರೆ ಕೈ ಎತ್ತುವುದೇ ಅವಳ ಕೆಲಸ. ಮೂವತ್ತು ವರ್ಷದ ಮೇಲೆ ಮಾಡಿದವಳು.

ಅಡುಗೆಮನೆಗೆ ಹೋದೆ. ನನಗೆ ಬೆನ್ನು ಹಾಕಿ ಹುರುಳಿಕಾಯಿ ಹೆಚ್ಚುತ್ತಿದ್ದಳು. "ಲೇ" ಅಂದೆ. ಹೆಚ್ಚುತ್ತಲೇ ಇದ್ದಳು. ಕುಕ್ಕರ್ ವಿಷಲ್ ಹಾಕಿತು, ತಿರುಗಲಿಲ್ಲ. ನಾನು ಪ್ರೂಫ್ ಓದುವ ದನಿಯಲ್ಲಿ, ಮಿಷಿನ್ ಸದ್ದು ಮೀರಿಸುತ್ತಿದ್ದ ದನಿಯಲ್ಲಿ ಕರೆದೆ. ಎದುರುಮನೆಯ ಕಿಟಕಿಯಲ್ಲಿ ಯಾರೋ ಇಣುಕಿ ನೋಡಿದರು. ಅವಳು ಹುರುಳಿಕಾಯಿಯ ನಾರು ತೆಗೆದು ಪಕ್ಕಕ್ಕಿಟ್ಟಳು.

ಸುತ್ತಿ ಬಂದು ಮುಂದೆ ನಿಂತೆ. ನನ್ನ ಮುಖ ನೋಡಿದ್ದೇ ಗೊತ್ತಾಯಿತು ಅವಳಿಗೆ. ಚಾಕು ಕೆಳಗಿಟ್ಟಳು.

"ಯಾವಾಗಿಂದ?" ಅಂದೆ.

"ಬಲಗಿವಿ ಹೋಗಿ ಬಹಳ ವರ್ಷ ಆಯ್ತು. ಎಡಗಡೆ ಕೊರೊನಾ ವರ್ಷದಿಂದ ಒಂದೊಂದೇ. ಮೊದ್ಲು ಹಕ್ಕಿ ಸದ್ದು, ಆಮೇಲೆ ಫೋನು, ಆಮೇಲೆ ಮಗಳ ಮಾತು. ನಿಮ್ಮ ದನಿ ಒಂದು ಕೇಳ್ತಿತ್ತು. ಮೈಕ್ ಇದ್ದ ಹಾಗಿತ್ತಲ್ಲ." ನಕ್ಕಳು. "ಆಮೇಲೆ ಅದೂ ಹೋಯ್ತು. ನಿಮ್ಮ ತುಟಿ ನೋಡ್ಕೊಂಡು, ಪುಟ ನೋಡ್ಕೊಂಡು, ಹೇಗೋ ಜೊತೇಲಿ ಬರ್ತಿದ್ದೆ."

"ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ನೀವು ಬೇರೆಯವ್ರನ್ನ ಕೂರಿಸ್ತಿದ್ರಿ. ಪತ್ರಿಕೆಗೆ ಅದೇ ಸರಿ, ನಂಗೂ ಗೊತ್ತು. ಆದ್ರೆ ರೀ, ಅದು ಬಿಟ್ರೆ ನಾವಿಬ್ರೂ ಯಾವಾಗ ಕೂತಿದೀವಿ?"

ಒಳಗೆ ಹೋಗಿ ಕೈಬರಹದ ಹಾಳೆ ತಂದು, ಆ ಪ್ಯಾರಾದ ಮೇಲೆ ಬೆರಳಿಟ್ಟು ಕೊಟ್ಟೆ. ಕೈಯನ್ನು ಸೆರಗಿಗೆ ಒರೆಸಿಕೊಂಡು ತಗೊಂಡಳು. ನಿಧಾನವಾಗಿ ಓದಿದಳು, ಪ್ರೂಫ್ ಓದುವ ಹಾಗೆ, ಪದ ಪದವಾಗಿ.

"ಇದನ್ನ ಅವತ್ತು ಓದಿದ್ರಾ? ನನ್ನೆದುರಿಗೆ ಕೂತು?"

ತಲೆಯಾಡಿಸಿದೆ.

"ನಾನೇನಂದೆ?"

ಹೇಳಲೋ ಬೇಡವೋ ಅನ್ನಿಸಿತು. "ಮುಂದಕ್ಕೆ ಅಂದೆ."

ಅವಳು ಜೋರಾಗಿ ನಕ್ಕುಬಿಟ್ಟಳು. ಮುಂದಕ್ಕೆ ಅಂದ್ನಾ, ಮುಂದಕ್ಕೆ ಅಂದ್ನಾ ಅಂತ ಎರಡು ಮೂರು ಸಲ ಹೇಳಿಕೊಂಡು ನಕ್ಕಳು. ನಗುತ್ತಾ ನಗುತ್ತಾ ಕುಕ್ಕರಿನ ಪಕ್ಕದ ಕಟ್ಟೆಗೆ ಹಣೆ ಆನಿಸಿದಳು. ಭುಜ ಅಲುಗುವುದು ನಿಂತಿರಲಿಲ್ಲ, ಆದರೆ ಅದು ನಗುವಲ್ಲ ಅಂತ ನನಗೆ ತಡವಾಗಿ ಗೊತ್ತಾಯಿತು. ಒಲೆ ಆರಿಸಿ ನಾನು ಅಲ್ಲೇ ನಿಂತಿದ್ದೆ.

ಸಂಜೆ ಮಗಳಿಗೆ ಹೇಳಿದೆ. ಅಮ್ಮನ ಕಿವಿಯ ಸುದ್ದಿ ಕೇಳಿ ಅತ್ತಳು, ತನಗೂ ಗೊತ್ತಾಗಲಿಲ್ಲವಲ್ಲ ಅಂತ. ಆಮೇಲೆ ಕಣ್ಣೊರೆಸಿಕೊಂಡು, "ಆ ಪ್ಯಾರಾ ಫೋಟೋ ತೆಗೆದು ಕಳಿಸಪ್ಪ. ಸೈಟಲ್ಲಿ ನಿನ್ನ ಬರಹ ಹಾಕಿದೀವಲ್ಲ, ಅಲ್ಲಿ ಸೇರಿಸ್ತೀನಿ" ಅಂದಳು. ನಾನು ಕಾಫಿ ಕುಡಿದು ಮುಗಿಸುವುದರೊಳಗೆ ಸೇರಿತ್ತು. ಗುರುತೇ ಇಲ್ಲ. ಮೊದಲಿನಿಂದಲೂ ಅಲ್ಲೇ ಇತ್ತೇನೋ ಅನ್ನುವ ಹಾಗೆ ಕೂತಿತ್ತು.

ಮಗಳು ಒಳ್ಳೆಯದನ್ನೇ ಮಾಡಿದಳು. ಆದರೂ ನನಗೆ ಸಮಾಧಾನವಾಗಲಿಲ್ಲ. ಅಚ್ಚಿನಲ್ಲಿ ತಪ್ಪಾದರೆ ಮುಂದಿನ ತಿಂಗಳು ಎರಡನೇ ಪುಟದಲ್ಲಿ ತಿದ್ದುಪಡಿ ಹಾಕುತ್ತಿದ್ದೆವು. ಇಂಥ ಕಡೆ ಇಂಥದ್ದು ಬಿಟ್ಟುಹೋಗಿದೆ, ಓದುಗರು ಕ್ಷಮಿಸಬೇಕು ಅಂತ. ತಪ್ಪಿದ್ದು ನಾವು ಅಂತ ನಾಲ್ಕು ಜನಕ್ಕೆ ಗೊತ್ತಾಗುತ್ತಿತ್ತು. ಈ ಸಲ ಮುಂದಿನ ತಿಂಗಳು ಅನ್ನುವುದೇ ಇರಲಿಲ್ಲ. ಅಂಚೆಯಲ್ಲಿ ಹೋದ ಪ್ರತಿಗಳಲ್ಲೆಲ್ಲ ಅವಳಿಲ್ಲ. ಅವು ಯಾರ್ಯಾರ ಮನೆಯ ಅಟ್ಟದ ಮೇಲೋ ಹಾಗೇ ಇರುತ್ತವೆ.

ಹೆಂಡತಿಗೆ ಫೋನಿನಲ್ಲಿ ತೋರಿಸಿದೆ. ಬೆರಳಿನಿಂದ ದೊಡ್ಡದು ಮಾಡಿ ಓದಿದಳು. "ಚೆನ್ನಾಗಿ ಬಂದಿದೆ" ಅಂದು ವಾಪಸ್ ಕೊಟ್ಟಳು. ತಿದ್ದುವುದಕ್ಕೆ ಏನೂ ಕೇಳಲಿಲ್ಲ.

ಬಸವನಗುಡಿಯಲ್ಲಿ ಡಾಕ್ಟರಿಗೆ ತೋರಿಸಿ ಕಿವಿಗೆ ಮಿಷಿನ್ ಹಾಕಿಸಿದೆವು. ಹೊರಗೆ ಬಂದು ರಸ್ತೆ ದಾಟುವಾಗ ಬಸ್ಸಿನ ಹಾರನ್ನಿಗೆ ಬೆಚ್ಚಿ ನನ್ನ ತೋಳು ಹಿಡಿದುಕೊಂಡಳು. ನನಗೆ ಖುಷಿಯಾಯಿತು. ಮನೆಗೆ ಬಂದವನೇ ಕಿಟಕಿ ಹತ್ತಿರ ಕೂರಿಸಿ, ಹಳೆಯ ಸಂಚಿಕೆಯೊಂದನ್ನು ತೆಗೆದು ಓದಲು ಶುರು ಮಾಡಿದೆ, ಕಾಮಾ ಫುಲ್‌ಸ್ಟಾಪ್ ಸಮೇತ. ಒಂದು ಪುಟ ಕೇಳಿದಳು. ಹುಬ್ಬು ಗಂಟಿಕ್ಕಿತ್ತು.

"ಕೇಳ್ತಿಲ್ವಾ?"

"ಕೇಳ್ತಿದೆ. ಆದ್ರೆ ಇದು ನಿಮ್ಮ ದನಿ ಅಲ್ಲ ರೀ. ಯಾರೋ ತಗಡಿನ ಡಬ್ಬದೊಳಗೆ ಕೂತು ಓದಿದ ಹಾಗಿದೆ." ಮಿಷಿನ್ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡಳು. "ನೀವು ಓದಿ. ನಾನು ನೋಡ್ತೀನಿ."

ಅಭ್ಯಾಸ ಆಗುತ್ತದೆ ಅಂತ ಡಾಕ್ಟರು ಹೇಳುತ್ತಾರೆ. ಮಗಳೂ ಹೇಳುತ್ತಾಳೆ. ಯಾರಾದರೂ ಮನೆಗೆ ಬಂದರೆ ಹಾಕಿಕೊಳ್ಳುತ್ತಾಳೆ, ಅವರು ಹೋದ ಮೇಲೆ ತೆಗೆಯುತ್ತಾಳೆ. ನನ್ನ ಹತ್ತಿರ ಮಾತಾಡುವಾಗ ಹಾಕಿಕೊಳ್ಳುವುದಿಲ್ಲ. ಅವಳ ತಲೆಯೊಳಗೆ ನನ್ನ ಹಳೆಯ ದನಿ ಇದೆಯಂತೆ, ಅದು ಹಾಳಾಗುವುದು ಬೇಡವಂತೆ. ಹೀಗೆ ಹೇಳಿದವಳ ಮುಂದೆ ಏನು ವಾದ ಮಾಡುವುದು? ನಾನು ಓದುತ್ತೇನೆ. ಅವಳು ನನ್ನ ತುಟಿಯನ್ನೇ ನೋಡುತ್ತಾಳೆ. ಕೈ ಎತ್ತುವುದಿಲ್ಲ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಚಾಮರಾಜಪೇಟೆಯಲ್ಲಿ ಸ್ವಂತ ಮನೆ ಒಂದು. ಕೆಳಗೆ ಪ್ರೆಸ್ ಇದ್ದ ಜಾಗದಲ್ಲಿ ಕೊರಿಯರ್‌ನವರು ಬಾಡಿಗೆಗೆ ಇದ್ದಾರೆ. ದಿನಾ ಹೊಸದಾಗುವ ಪತ್ರಿಕೆ ಒಂದು, ಅದನ್ನು ನಡೆಸುವ ಮಗಳು ಒಬ್ಬಳು. ಶಾಲುಗಳು ಒಂದು ಪೆಟ್ಟಿಗೆ. ಓದುವ ಕನ್ನಡಕ ಎರಡು, ಒಂದು ಅವಳದು. ಕುರ್ಚಿ ಎರಡು. ಹೆಂಡತಿ ಒಬ್ಬಳು.